ಲಾರ್ಜಾ, ಮೀಡಿಯಮ್ಮಾ? ಹಳೆಯ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್ ಕೊಳ್ಳುವವರಿಗೆ ಒಂದು ಉತ್ತರ

ಪ್ರಶ್ನೆ: ನಾನು ಯಲಹಂಕದಲ್ಲಿದ್ದೇನೆ. ಎತ್ತರ 5 ಅಡಿ 7 ಇಂಚು, ತೂಕ 76 ಕೆಜಿ. ಕೆಲವು ವರ್ಷಗಳಿಂದ ಹಾರ್ಡ್‌ಟೇಲ್ ಬೈಕಿನಲ್ಲಿ (ಮುಂದಿನ ಚಕ್ರಕ್ಕೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್) ಆವಲಹಳ್ಳಿ ಕಾಡಿನ ದಾರಿ, ಆಗಾಗ ತುರಹಳ್ಳಿಯ ಬಂಡೆ ಅಂತ ಓಡಾಡುತ್ತಿದ್ದೇನೆ. ಗೆಳೆಯರ ಜೊತೆ ಸಕಲೇಶಪುರದ ಕಡೆಗೂ ಹೋಗುವುದುಂಟು. ಈಗ ಎರಡೂ ಚಕ್ರಕ್ಕೆ ಸಸ್ಪೆನ್ಷನ್ ಇರುವ ಫುಲ್ ಸಸ್ಪೆನ್ಷನ್ ಬೈಕ್ ಬೇಕು ಅನಿಸಿದೆ. ಹೊಸದು ನನ್ನ ಕೈಗೆ ಎಟುಕುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಎರಡು ಸಿಕ್ಕಿವೆ. ಒಂದು 2012ರ ಕಾರ್ಬನ್ ಬೈಕ್, 26 ಇಂಚಿನ ಚಕ್ರ, ಸೈಜ್ ಲಾರ್ಜ್, ಬೆಲೆ 70 ಸಾವಿರ. ಇನ್ನೊಂದು 2018ರ ಅಲ್ಯೂಮಿನಿಯಂ ಬೈಕ್, 29 ಇಂಚಿನ ಚಕ್ರ, ಸೈಜ್ ಮೀಡಿಯಂ, ಬೆಲೆ 1 ಲಕ್ಷ 15 ಸಾವಿರ. ಎರಡರಲ್ಲೂ ಸಸ್ಪೆನ್ಷನ್ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) 120ರಿಂದ 130 ಎಂಎಂ. ಮೊದಲನೆಯದರ ಮಾಲೀಕರು "ಲಾರ್ಜ್ ಆದ್ರೂ ಪರವಾಗಿಲ್ಲ, ಚಿಕ್ಕ ಸ್ಟೆಮ್ (ಹ್ಯಾಂಡಲ್ ಹಿಡಿದಿರುವ ಮುಂದಿನ ತುಂಡು) ಹಾಕಿದ್ರೆ ನಿಮಗೆ ಸರಿಹೋಗುತ್ತೆ" ಅನ್ನುತ್ತಾರೆ. ಯಾವುದನ್ನು ತಗೊಳ್ಳಲಿ? ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಲಿ?

ಉತ್ತರ: ಎರಡನೆಯದನ್ನೇ ನೋಡಿ. ಆದರೆ ದುಡ್ಡು ಕೊಡುವ ಮೊದಲು ಅದರ ಹಿಂಭಾಗವನ್ನು ಬಿಚ್ಚಿ ನೋಡಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಸೈಜಿನ ವಿಷಯ. ಸಸ್ಪೆನ್ಷನ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಫ್ರೇಮಿನ ಅಳತೆ ಹೊಂದದಿದ್ದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಫ್ರೇಮಿನ ಮೇಲೆ ಬರೆದ ಎಸ್, ಎಂ, ಎಲ್ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆ ಯಾವತ್ತೂ ಇರಲಿಲ್ಲ. ಕಂಪನಿಯಿಂದ ಕಂಪನಿಗೆ ಬೇರೆ, ವರ್ಷದಿಂದ ವರ್ಷಕ್ಕೂ ಬೇರೆ. ಮೌಂಟನ್ ಬೈಕಿನ ಆಕಾರ ಹೋದ ದಶಕದಲ್ಲಿ ಪೂರ್ತಿ ಬದಲಾಯಿತು. ಸ್ಪೇನಿನ ಮೊಂಡ್ರೇಕರ್ ಕಂಪನಿ 2013ರ ಮಾಡೆಲ್‌ಗಳಲ್ಲಿ ಫ್ರೇಮಿನ ಮುಂಭಾಗವನ್ನು ಉದ್ದ ಮಾಡಿ, ಸ್ಟೆಮ್ಮನ್ನು ತೀರಾ ಗಿಡ್ಡ ಮಾಡಿತು. ಆಗ ತುಂಬಾ ಜನ ಇದು ಅತಿಯಾಯಿತು ಅಂದರು. ಕೆಲವೇ ವರ್ಷಗಳಲ್ಲಿ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಹಾಗಾಗಿ 2012ರ ಲಾರ್ಜ್ ಮತ್ತು 2018ರ ಮೀಡಿಯಂ ಅಂತ ಅಕ್ಷರ ಹಿಡಿದು ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಎರಡು ಅಳತೆಗಳಿಂದ. ಒಂದು ರೀಚ್, ಇನ್ನೊಂದು ಸೀಟಿನ ಕಂಬ ಇಳಿಯುವ ಕೊಳವೆ, ಅಂದರೆ ಸೀಟ್ ಟ್ಯೂಬಿನ ಉದ್ದ.

ರೀಚ್ ಅಂದರೆ ಕ್ರ್ಯಾಂಕ್ ಕೂರುವ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ, ಮುಂದಿನ ಫೋರ್ಕ್ ಕೂರುವ ಹೆಡ್ ಟ್ಯೂಬಿನ ಮೇಲ್ತುದಿಯ ನಡುವಿನವರೆಗೆ ಅಡ್ಡಕ್ಕೆ ಎಷ್ಟು ದೂರ ಅನ್ನುವುದು. ಪೆಡಲ್ ಮೇಲೆ ಎದ್ದು ನಿಂತು ಇಳಿಜಾರಿನಲ್ಲಿ ಬರುವಾಗ ನಿಮ್ಮ ಮೈಗೆ ಸಿಗುವ ಜಾಗ ಇದು. ಕೂತು ತುಳಿಯುವಾಗಿನ ಉದ್ದ ಬೇರೆ. ಅದನ್ನು ಎಫೆಕ್ಟಿವ್ ಟಾಪ್ ಟ್ಯೂಬ್ ಅಂತಾರೆ, ಸೀಟ್ ಟ್ಯೂಬ್ ಎಷ್ಟು ಹಿಂದಕ್ಕೆ ವಾಲಿದೆ ಅನ್ನುವುದರ ಮೇಲೆ ಅದು ಹೆಚ್ಚುಕಡಿಮೆ ಆಗುತ್ತದೆ. ಅಂಗಡಿಯಲ್ಲಿ ಒಂದು ಸುತ್ತು ಹಾಕಿದಾಗ ನಾವು ಕೂತೇ ಇರುತ್ತೇವೆ ಅಲ್ವಾ, ಹಾಗಾಗಿ ಆ ಎರಡನೆಯ ಉದ್ದವೇ ಮನಸ್ಸಿಗೆ ಬರುತ್ತದೆ. ಆವಲಹಳ್ಳಿಯ ತಿರುವುಗಳಲ್ಲಿ, ತುರಹಳ್ಳಿಯ ಬಂಡೆ ಇಳಿಯುವಾಗ ನೀವು ನಿಂತಿರುತ್ತೀರಿ. ಅಲ್ಲಿ ಲೆಕ್ಕಕ್ಕೆ ಬರುವುದು ರೀಚ್.

ಇದನ್ನು ನೀವೇ ಅಳೆಯಬಹುದು. ಬೈಕನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಒಬ್ಬರು ಹಿಡಿದುಕೊಳ್ಳಲಿ. ಒಂದು ದಾರಕ್ಕೆ ನಟ್ ಕಟ್ಟಿ, ಹೆಡ್ ಟ್ಯೂಬಿನ ಮೇಲ್ತುದಿಯ ಪಕ್ಕದಿಂದ ಇಳಿಬಿಡಿ. ನಟ್ ನೆಲ ಮುಟ್ಟುವ ಕಡೆ ಚಾಕ್‌ಪೀಸಿನಿಂದ ಗುರುತು ಹಾಕಿ. ಹಾಗೆಯೇ ಕ್ರ್ಯಾಂಕಿನ ನಡುವಿನಿಂದ ಇಳಿಬಿಟ್ಟು ಇನ್ನೊಂದು ಗುರುತು. ಬೈಕ್ ನಿಂತ ಗೆರೆಗೆ ಸಮಾನವಾಗಿ ಎರಡರ ನಡುವಿನ ದೂರ ಅಳೆದರೆ ಅದೇ ರೀಚ್. 5 ಎಂಎಂ ಆಚೀಚೆ ಆದರೂ ಚಿಂತೆಯಿಲ್ಲ. ಕಂಪನಿಯ ಹಳೆಯ ಕ್ಯಾಟಲಾಗ್ ಸಿಕ್ಕರೆ ಅದರ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಕಾರಣ ಹುಡುಕಬೇಕು. ಹಿಂದಿನ ಮಾಲೀಕರು ಉದ್ದದ ಫೋರ್ಕ್ ಹಾಕಿಸಿದ್ದರೆ ರೀಚ್ ಕಡಿಮೆಯಾಗಿರುತ್ತದೆ. ಫೋರ್ಕ್ 20 ಎಂಎಂ ಉದ್ದವಾದರೆ ಹೆಡ್ ಟ್ಯೂಬಿನ ಕೋನ ಸುಮಾರು 1 ಡಿಗ್ರಿ ಹಿಂದಕ್ಕೆ ಮಲಗುತ್ತದೆ, ರೀಚ್ 10 ಎಂಎಂ ಹತ್ತಿರ ಇಳಿಯುತ್ತದೆ.

ನಿಮ್ಮ ಎತ್ತರ ಸುಮಾರು 170 ಸೆಂಟಿಮೀಟರ್. ಇಂಥ ಟ್ರೇಲ್ (ಕಾಡುದಾರಿಯ) ಬೈಕಿನಲ್ಲಿ 425ರಿಂದ 450 ಎಂಎಂ ರೀಚ್ ನಿಮಗೆ ಹಿತವಾಗಿರುತ್ತದೆ. 2012ರ ಸುಮಾರಿನ ಟ್ರೇಲ್ ಬೈಕುಗಳಲ್ಲಿ ಮೀಡಿಯಂ ಅಂದರೆ ಸಾಮಾನ್ಯವಾಗಿ 400ರಿಂದ 420, ಲಾರ್ಜ್ ಅದಕ್ಕಿಂತ 20 ಎಂಎಂ ಜಾಸ್ತಿ. 2018ರ ಹೊತ್ತಿಗೆ ಮೀಡಿಯಮ್ಮೇ 430ರ ಆಸುಪಾಸಿಗೆ ಬಂದಿತ್ತು. ಅಂದರೆ ನಿಮಗೆ ಸಿಕ್ಕಿರುವ ಲಾರ್ಜ್ ಮತ್ತು ಮೀಡಿಯಂ, ರೀಚ್ ಮಟ್ಟಿಗೆ, ಹೆಚ್ಚುಕಡಿಮೆ ಒಂದೇ ಇರಬಹುದು! ಚಿಕ್ಕ ಸ್ಟೆಮ್ ಹಾಕಿದರೆ ಸರಿಹೋಗುತ್ತದೆ ಅಂದ ಮಾಲೀಕರ ಮಾತಿನಲ್ಲಿ ಅರ್ಧ ಸತ್ಯ ಇದೆ. ಆ ಕಾಲದ ಬೈಕುಗಳಿಗೆ 80, 90 ಎಂಎಂ ಸ್ಟೆಮ್ ಬರುತ್ತಿತ್ತು. 50ಕ್ಕೆ ಇಳಿಸಿದರೆ ನಿಮ್ಮ ಕೈಗೆ ಖಂಡಿತ ಎಟುಕುತ್ತದೆ.

ಉಳಿದ ಅರ್ಧದಲ್ಲಿ ತೊಂದರೆ ಇರುವುದು. ಅದು ಸೀಟ್ ಟ್ಯೂಬ್.

ಹಳೆಯ ಲಾರ್ಜ್ ಫ್ರೇಮಿನ ಸೀಟ್ ಟ್ಯೂಬ್ 480 ಎಂಎಂ ಅಥವಾ ಅದಕ್ಕೂ ಹೆಚ್ಚು ಇರುವುದು ಸಾಮಾನ್ಯ. ನಿಮ್ಮ ಎತ್ತರದವರಿಗೆ ಒಳಗಾಲಿನ ಅಳತೆ ಸುಮಾರು 78 ಸೆಂಟಿಮೀಟರ್ ಇರುತ್ತದೆ. ಗೋಡೆಗೆ ಬೆನ್ನು ಕೊಟ್ಟು, ಬರಿಗಾಲಲ್ಲಿ ನಿಂತು, ಕಾಲಿನ ಸಂದಿಗೆ ಪುಸ್ತಕ ಒತ್ತಿ ಹಿಡಿದು ಅಳೆದುಕೊಳ್ಳಿ. ಅದನ್ನು 0.883ರಿಂದ ಗುಣಿಸಿದರೆ ಬಾಟಮ್ ಬ್ರಾಕೆಟ್ಟಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಬರುತ್ತದೆ, ಇಲ್ಲಿ ಸುಮಾರು 690 ಎಂಎಂ. ಅದರಲ್ಲಿ 480 ಕಳೆದರೆ ಉಳಿಯುವುದು 210. ಸೀಟ್ ಪೋಸ್ಟು, ಸೀಟು ಎಲ್ಲಾ ಸೇರಿ ಇಷ್ಟರಲ್ಲಿ ಕೂರಬೇಕು. 150 ಎಂಎಂ ಇಳಿಯುವ ಡ್ರಾಪರ್ ಪೋಸ್ಟಿಗೆ (ಓಡಿಸುತ್ತಲೇ ಸೀಟು ಇಳಿಸಬಹುದಾದ ಸೀಟ್ ಪೋಸ್ಟ್) ಸೀಟೂ ಸೇರಿ ಸುಮಾರು 250 ಎಂಎಂ ಜಾಗ ಬೇಕು. 125ರ ಡ್ರಾಪರ್ ಕೂಡ ಹಿಡಿಸುವುದು ಕಷ್ಟ. 100ಕ್ಕೆ ಸಮಾಧಾನ ಪಟ್ಟುಕೊಳ್ಳಬೇಕು. ಮೀಡಿಯಂ ಬೈಕಿನ ಸೀಟ್ ಟ್ಯೂಬ್ 430 ಇದ್ದರೆ ನಿಮಗೆ 260 ಎಂಎಂ ಸಿಗುತ್ತದೆ, 150 ಎಂಎಂ ಡ್ರಾಪರ್ ಆರಾಮಾಗಿ ಕೂರುತ್ತದೆ.

ಡ್ರಾಪರ್ ಪೋಸ್ಟನ್ನು ಶೋಕಿ ಅಂದುಕೊಳ್ಳುವವರು ಇನ್ನೂ ಇದ್ದಾರೆ. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಬಂಡೆಯಿಂದ ಇಳಿಯುವಾಗ ಸೀಟು ಕೆಳಗೆ ಹೋಗದಿದ್ದರೆ ಮೈ ಹಿಂದಕ್ಕೆ, ಕೆಳಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುವ ಅಪಾಯ ಅಲ್ಲೇ ಇರುವುದು. ಹಿಂದಿನ ಚಕ್ರಕ್ಕೆ ಸಸ್ಪೆನ್ಷನ್ ಇದ್ದೂ ಸೀಟು ಎತ್ತರದಲ್ಲೇ ನಿಂತರೆ, ಆ ಸಸ್ಪೆನ್ಷನ್ ಪುಟಿದಾಗ ಸೀಟು ನಿಮ್ಮನ್ನೇ ಮುಂದಕ್ಕೆ ತಳ್ಳುತ್ತದೆ.

ಸ್ಟೆಮ್ ಬದಲಿಸುವುದರಿಂದ ಸರಿಹೋಗದ ಇನ್ನೊಂದು ಸಂಗತಿ ಹೆಡ್ ಟ್ಯೂಬಿನ ಕೋನ. 2012ರ ಟ್ರೇಲ್ ಬೈಕಿನಲ್ಲಿ ಅದು 68ರಿಂದ 70 ಡಿಗ್ರಿ ಇರುತ್ತಿತ್ತು. 2018ರಲ್ಲಿ 66, 67ಕ್ಕೆ ಬಂದಿತ್ತು. ಎರಡು ಮೂರು ಡಿಗ್ರಿಯಲ್ಲಿ ಏನಿದೆ ಅನಿಸಬಹುದು. ಕಡಿದಾದ ಇಳಿಜಾರಿನಲ್ಲಿ ಮುಂದಿನ ಚಕ್ರ ನಿಮ್ಮಿಂದ ಎಷ್ಟು ಮುಂದೆ ಇರುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಇದೇ.

ಇನ್ನು ಬಿಡಿಭಾಗಗಳ ಲೆಕ್ಕ. ಕಾರ್ಬನ್ ಅನ್ನುವ ಕಾರಣಕ್ಕೆ ನಾನು ಮೊದಲನೆಯ ಬೈಕನ್ನು ಬೇಡ ಅನ್ನುತ್ತಿಲ್ಲ. ಪೆಟ್ಟು ಬೀಳದ ಕಾರ್ಬನ್ ಫ್ರೇಮ್ ಬಹಳ ಕಾಲ ಬಾಳುತ್ತದೆ. ತೊಂದರೆ ಇರುವುದು ಅದರ ಕಾಲದಲ್ಲಿ. ಆ ಬೈಕ್ ಬಂದ ಮೇಲೆ ಎಲ್ಲಾ ಅಳತೆಗಳೂ ಬದಲಾದವು. ಹಿಂದಿನ ಆಕ್ಸಲ್ 135 ಎಂಎಂ ಕ್ವಿಕ್ ರಿಲೀಸ್ ಅಥವಾ 142 ಇರುತ್ತಿತ್ತು, ಆಮೇಲೆ ಬೂಸ್ಟ್ ಅಂತ 148 ಬಂತು. ಮುಂದಿನದು 100ರಿಂದ 110 ಆಯಿತು. ಹಿಂದಿನ ಸಸ್ಪೆನ್ಷನ್ನಿನ ಶಾಕಿನ ಅಳತೆಗಳು 2016ರಲ್ಲಿ ಮೆಟ್ರಿಕ್‌ಗೆ ಹೊರಳಿದವು. 26 ಇಂಚಿನ ಟೈರು ಸೈಕಲ್ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಟ್ಯೂಬ್‌ಲೆಸ್ ಮಾಡಿಕೊಳ್ಳಬಹುದಾದ ಗಟ್ಟಿ ಟ್ರೇಲ್ ಟೈರಿಗೆ ಆಯ್ಕೆ ಬಹಳ ಕಡಿಮೆ. 26ಕ್ಕೆ ಒಳ್ಳೆಯ ಫೋರ್ಕ್ ಹುಡುಕುವುದು ಇನ್ನೂ ಕಷ್ಟ. ಒಂದು ದಿನ ಚಕ್ರ ಬೆಂಡಾದರೆ ನೀವು ಮತ್ತೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೇ ಹೋಗಬೇಕು. 2023ರ ಬಜೆಟ್‌ನಲ್ಲಿ ಆಮದು ಸೈಕಲ್‌ಗಳ ಮೇಲಿನ ಸುಂಕ 30ರಿಂದ 35 ಶೇಕಡಕ್ಕೆ ಏರಿತು. ಇಲ್ಲಿ ಸಿಗದ ಭಾಗವನ್ನು ಹೊರಗಿನಿಂದ ತರಿಸುವಾಗಲೂ ಸುಂಕ, ಕೊರಿಯರ್ ಎಲ್ಲಾ ಸೇರಿ ದೊಡ್ಡ ಮೊತ್ತ ಆಗುತ್ತದೆ.

ಆ ಕಾಲದ ಕೆಲವು ಬೈಕುಗಳಲ್ಲಿ ಕಂಪನಿ ತನಗೊಬ್ಬನಿಗೇ ಮಾಡಿಸಿಕೊಂಡ ಶಾಕ್ ಇರುತ್ತಿತ್ತು. ಟ್ರೆಕ್‌ನ ಡಿಆರ್‌ಸಿವಿ ಶಾಕ್, ಸ್ಕಾಟ್‌ನ ಟ್ವಿನ್‌ಲಾಕ್ ಜೊತೆಗಿನ ನ್ಯೂಡ್ ಶಾಕ್, ಕ್ಯಾನನ್‌ಡೇಲ್ ಜೆಕಿಲ್‌ನ ಎಳೆಯುವ ಶಾಕ್ ಇಂಥವು. ಹೊಸದಾಗಿದ್ದಾಗ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದವು. ಹತ್ತು ವರ್ಷದ ಮೇಲೆ ಅವುಗಳ ಭಾಗ ಹುಡುಕುವುದು ದೊಡ್ಡ ತಲೆನೋವು, ಬೇರೆ ಶಾಕ್ ಕೂರಿಸೋಣ ಅಂದರೆ ಎಲ್ಲಾ ಕಡೆ ಆಗುವುದಿಲ್ಲ. ನೀವು ನೋಡುವ ಯಾವ ಬೈಕಾದರೂ ಸರಿ, ಶಾಕಿನ ಮೇಲಿರುವ ಅಳತೆ ಬರೆದುಕೊಳ್ಳಿ. 210x50, 190x45 ಅನ್ನುವಂಥ ಮಾಮೂಲಿ ಅಳತೆ ಇದ್ದು, ಎರಡು ತುದಿಯಲ್ಲೂ ಸಾಮಾನ್ಯ ಬೋಲ್ಟ್ ಇದ್ದರೆ ನೆಮ್ಮದಿ.

ಈಗ ಎರಡನೆಯ ಬೈಕನ್ನು ನೋಡಲು ಹೋಗುವ ವಿಷಯ. ಜೊತೆಗೆ ಶಾಕ್ ಪಂಪ್, ಅಲೆನ್ ಕೀ ಸೆಟ್, ಟೇಪ್, ಚೈನ್ ಚೆಕರ್, ಒಂದು ಒಣ ಬಟ್ಟೆ, ಟಾರ್ಚ್ ಇರಲಿ. ಹಗಲಿನಲ್ಲೇ ಹೋಗಿ. ಬೈಕನ್ನು ಚೆನ್ನಾಗಿ ತೊಳೆದು ಇಡಲು ಮೊದಲೇ ಹೇಳಿ, ಕೆಸರಿನ ಕೆಳಗೆ ಬಿರುಕು ಕಾಣುವುದಿಲ್ಲ. ಎಲ್ಲಿ ತೊಳೆಸುತ್ತಿದ್ದರು ಅಂತ ಮಾತಿನ ನಡುವೆ ಕೇಳಿ. ವಾಟರ್ ಸರ್ವಿಸ್‌ನವರ ಹತ್ತಿರ ಕಾರು ತೊಳೆದ ಹಾಗೆ ಜೋರು ನೀರು ಹೊಡೆಸುತ್ತಿದ್ದರೆ ಪಿವಟ್‌ಗಳ, ಅಂದರೆ ಫ್ರೇಮಿನ ಹಿಂಭಾಗ ಆಡುವ ಕೀಲುಗಳ, ಬೇರಿಂಗುಗಳೊಳಗೆ ನೀರು ಹೋಗಿರುತ್ತದೆ. ಮಲೆನಾಡಿನ ಮಳೆಯಲ್ಲಿ ಓಡಿಸಿದ ಬೈಕಾದರೆ ಇನ್ನೂ ಹುಷಾರಾಗಿ ನೋಡಿ.

ಮೊದಲು ಫ್ರೇಮ್. ಹೆಡ್ ಟ್ಯೂಬಿನಿಂದ ಕ್ರ್ಯಾಂಕಿನ ಕಡೆಗೆ ಇಳಿಯುವ ಡೌನ್ ಟ್ಯೂಬಿನ ಕೆಳಭಾಗದಲ್ಲಿ, ಹೆಡ್ ಟ್ಯೂಬಿನ ಹಿಂದೆಯೇ, ಬೆರಳು ಓಡಿಸಿ. ಅಲೆಯಂತೆ ಉಬ್ಬಿದ್ದರೆ ಅಥವಾ ಪೇಂಟ್ ಸೀಳಿದ್ದರೆ ಬೈಕ್ ಮುಂದಿನಿಂದ ಜೋರಾಗಿ ಗುದ್ದಿದೆ ಅಂತ ಅರ್ಥ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ಅಲ್ಯೂಮಿನಿಯಂ ಬಿರುಕು ಸಾಮಾನ್ಯವಾಗಿ ಬೆಸುಗೆಯ ಪಕ್ಕದಲ್ಲಿ ಶುರುವಾಗುತ್ತದೆ. ಬಾಟಮ್ ಬ್ರಾಕೆಟ್ ಸುತ್ತ, ಸೀಟ್ ಕ್ಲ್ಯಾಂಪಿನ ಸೀಳಿನ ಕೆಳಗೆ, ಚೈನಿನ ಪಕ್ಕದ ಕೊಳವೆಯಾದ ಚೈನ್ ಸ್ಟೇಯ ಪಿವಟ್ ಹತ್ತಿರ, ಶಾಕ್ ಕೂರುವ ಕಡೆ ಟಾರ್ಚ್ ಬಿಟ್ಟು ನೋಡಿ. ಒರೆಸಿದರೂ ಹೋಗದ ಕಪ್ಪು ಗೆರೆ ಕಂಡರೆ ಅದು ಕೊಳೆ ಅಂತ ಬಿಟ್ಟುಬಿಡಬೇಡಿ. ಸೀಟ್ ಪೋಸ್ಟನ್ನು ಹೊರಗೆ ತೆಗೆಸಿ. ಅದು ಅಂಟಿಕೊಂಡಿಲ್ಲ ಅಂತಲೂ ಗೊತ್ತಾಗುತ್ತದೆ, ನಿಮ್ಮ ಡ್ರಾಪರ್ ಎಷ್ಟು ಆಳಕ್ಕೆ ಇಳಿಯಬಹುದು ಅಂತಲೂ ತಿಳಿಯುತ್ತದೆ. ಕೆಲವು ಫ್ರೇಮುಗಳಲ್ಲಿ ಸೀಟ್ ಟ್ಯೂಬ್ ಮಧ್ಯದಲ್ಲಿ ಬಾಗಿರುತ್ತದೆ ಅಥವಾ ಪಿವಟ್ ಅಡ್ಡ ಬರುತ್ತದೆ, ಆಗ ಪೋಸ್ಟ್ ಅರ್ಧಕ್ಕೇ ನಿಲ್ಲುತ್ತದೆ.

ಆಮೇಲೆ ಹಿಂಭಾಗ. ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿಗೆ ಕೊಡಿ. ಸೀಟಿನ ಹಿಂದೆ ಕೈ ಹಾಕಿ ಬೈಕನ್ನು ಒಂದಿಷ್ಟೇ ಎತ್ತಿ, ಚಕ್ರ ಇನ್ನೂ ನೆಲ ಬಿಟ್ಟಿರಬಾರದು. ಎತ್ತಿದ ಕೂಡಲೇ ಸಣ್ಣ 'ಟಕ್' ಅನಿಸಿದರೆ ಎಲ್ಲೋ ಸಡಿಲ ಇದೆ. ಇನ್ನೊಂದು ಕೈಯ ಬೆರಳನ್ನು ಶಾಕಿನ ಎರಡು ತುದಿಗೂ, ಒಂದೊಂದು ಪಿವಟ್‌ಗೂ ಇಟ್ಟು ಮತ್ತೆ ಎತ್ತಿ ನೋಡಿ. ಅಲುಗಾಟ ಯಾವ ಜಾಗದಲ್ಲಿ ಅಂತ ಬೆರಳಿಗೇ ತಿಳಿಯುತ್ತದೆ. ಶಾಕಿನ ತುದಿಯಲ್ಲಾದರೆ ಬುಷ್ ಸವೆದಿದೆ, ಅದು ಸಣ್ಣ ಖರ್ಚು. ಪಿವಟ್‌ನಲ್ಲಾದರೆ ಬೇರಿಂಗ್ ಹೋಗಿದೆ. ಅಷ್ಟೇ ಆದರೆ ಪರವಾಗಿಲ್ಲ. ಬೇರಿಂಗ್ ಹಾಳಾದ ಮೇಲೂ ತಿಂಗಳುಗಟ್ಟಲೆ ಓಡಿಸಿ, ಅದು ಕೂರುವ ಗುಂಡಿಯೇ ಅಗಲ ಆಗಿದ್ದರೆ ಫ್ರೇಮ್ ಮುಗಿದ ಹಾಗೆ.

ಇದನ್ನು ಖಚಿತ ಮಾಡಿಕೊಳ್ಳಲು ಒಂದೇ ದಾರಿ. ಶಾಕಿನ ಒಂದು ತುದಿಯ ಬೋಲ್ಟ್ ಬಿಚ್ಚಲು ಮಾಲೀಕರನ್ನು ಕೇಳಿ. ಲಕ್ಷ ರೂಪಾಯಿ ಕೊಡುವವರು ಇಷ್ಟು ಕೇಳುವುದರಲ್ಲಿ ಸಂಕೋಚ ಬೇಡ. ಬಿಚ್ಚಿದ ಮೇಲೆ ಹಿಂದಿನ ಚಕ್ರವನ್ನು ಕೈಯಲ್ಲಿ ಮೇಲೆ ಕೆಳಗೆ ಮಾಡಿ. ಎಲ್ಲೂ ಕಚ್ಚದೆ, ಕರಕರ ಅನ್ನದೆ, ಕೈ ಬಿಟ್ಟರೆ ತಾನೇ ಇಳಿಯಬೇಕು. ಅಡ್ಡಕ್ಕೆ ಅಲುಗಾಡಿಸಿದರೆ ಅಲುಗಾಡಬಾರದು. ಸುಮ್ನೆ ಬಿಗಿಯಾಗಿದ್ದರೆ ಬೇರಿಂಗ್ ಸೆಟ್ ಬದಲಿಸಿದರೆ ಸಾಕು. ಬಹುತೇಕ ಪಿವಟ್ ಬೇರಿಂಗುಗಳು 6900, 6902ರಂಥ ಮಾಮೂಲಿ ನಂಬರಿನವು, ಎಸ್‌ಜೆಪಿ ರಸ್ತೆಯ ಬೇರಿಂಗ್ ಅಂಗಡಿಗಳಲ್ಲಿ ಕೇಳಿ ನೋಡಬಹುದು. ಆದರೆ ಪಿವಟ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಆಚೀಚೆ ಆಡುತ್ತದೆ. ಅದಕ್ಕಾಗಿಯೇ ಒಳಗೆ ಕೇಜ್ ಇಲ್ಲದೆ ಹೆಚ್ಚು ಗುಂಡುಗಳನ್ನು ತುಂಬಿದ ಬೇರಿಂಗುಗಳು ಬರುತ್ತವೆ. ಅವು ಸಿಕ್ಕರೆ ಜಾಸ್ತಿ ಕೊಟ್ಟಾದರೂ ಅವನ್ನೇ ಹಾಕಿಸಿ.

ಶಾಕ್ ಸ್ವತಃ ಹೇಗಿದೆ ಅಂತ ತಿಳಿಯಲು ಓಡಿಸಬೇಕು. ನಿಮ್ಮ ತೂಕ ಪೌಂಡಿನಲ್ಲಿ ಸುಮಾರು 168. ಶುರುವಿಗೆ ಅಷ್ಟೇ ಪಿಎಸ್‌ಐ ಗಾಳಿ ತುಂಬಿ. ಶಾಕ್ ಮೇಲಿನ ರಬ್ಬರ್ ರಿಂಗನ್ನು ಸೀಲಿಗೆ ತಾಗುವಂತೆ ಸರಿಸಿ, ನಿಧಾನಕ್ಕೆ ಕೂತು, ಪುಟಿಸದೆ ಇಳಿಯಿರಿ. 50 ಎಂಎಂ ಆಡುವ ಶಾಕಿನಲ್ಲಿ ರಿಂಗ್ 13ರಿಂದ 15 ಎಂಎಂ ಸರಿದಿದ್ದರೆ ಸ್ಯಾಗ್, ಅಂದರೆ ನಿಮ್ಮ ತೂಕಕ್ಕೆ ಶಾಕ್ ಕುಗ್ಗುವ ಪ್ರಮಾಣ, ಸರಿ ಇದೆ. ಇಲ್ಲದಿದ್ದರೆ ಗಾಳಿ ಹೆಚ್ಚುಕಡಿಮೆ ಮಾಡಿ. ಆಮೇಲೆ ಅರ್ಧ ಗಂಟೆ ಓಡಿಸಿ ಮತ್ತೆ ಸ್ಯಾಗ್ ಅಳೆಯಿರಿ. ಪಂಪ್ ಹಾಕಿ ಒತ್ತಡ ನೋಡಬೇಡಿ, ಪಂಪಿನ ಪೈಪ್ ತುಂಬಲು ಒಂದಿಷ್ಟು ಗಾಳಿ ಹೋಗುತ್ತದೆ, ಸುಮ್ಮನೆ ಲೀಕ್ ಇದೆ ಅನಿಸುತ್ತದೆ. ಸ್ಯಾಗ್ ಬದಲಾಗಿದ್ದರೆ ಮಾತ್ರ ಲೀಕ್. ಗಾಳಿಯ ಸೀಲುಗಳನ್ನು ಬದಲಿಸುವುದು ಒಳ್ಳೆಯ ಮೆಕ್ಯಾನಿಕ್‌ಗೆ ಸುಲಭದ ಕೆಲಸ. ಆದರೆ ಪುಟಿಯುವ ವೇಗ ಬದಲಿಸುವ ಕೆಂಪು ನಾಬ್ ಎಷ್ಟು ತಿರುಗಿಸಿದರೂ ಏನೂ ವ್ಯತ್ಯಾಸ ಆಗದಿದ್ದರೆ, ಒತ್ತಿದಾಗ ಒಳಗೆ ಪಚಪಚ ಅಂದು ಮೊದಲ ಕೆಲವು ಎಂಎಂ ಹಿಡಿತವೇ ಇಲ್ಲದಿದ್ದರೆ ಎಣ್ಣೆಗೆ ಗಾಳಿ ಸೇರಿದೆ. ಅದನ್ನು ಸರಿ ಮಾಡಲು ಎಣ್ಣೆ ಇರುವ ಭಾಗವಾದ ಡ್ಯಾಂಪರ್ ಬಿಚ್ಚಬೇಕು, ಅನೇಕ ಶಾಕ್‌ಗಳಿಗೆ ಮತ್ತೆ ನೈಟ್ರೋಜನ್ ತುಂಬಿಸಬೇಕು. ಅದನ್ನು ಮಾಡುವ ಸಲಕರಣೆ ಎಲ್ಲಾ ಅಂಗಡಿಯಲ್ಲೂ ಇರುವುದಿಲ್ಲ. ಯಾರು ಮಾಡುತ್ತಾರೆ, ಎಷ್ಟು ಆಗುತ್ತದೆ ಅಂತ ಮೊದಲೇ ವಿಚಾರಿಸಿ, ಅಷ್ಟನ್ನೂ ಬೆಲೆಯಲ್ಲಿ ಕಳೆಯಿರಿ.

ಮುಂದಿನ ಫೋರ್ಕಿನಲ್ಲಿ ಕಾಲುಗಳ ಮೇಲಿನ ಬಣ್ಣ ಸವೆದು ಬೆಳ್ಳಗಾಗಿದೆಯಾ, ಉಗುರಿಗೆ ಸಿಗುವ ಗೀರು ಇದೆಯಾ ನೋಡಿ. ಹಿಂಬದಿಯನ್ನು ನೋಡಲು ಮರೆಯಬೇಡಿ, ಸವೆತ ಹೆಚ್ಚಾಗಿ ಅಲ್ಲೇ. ಫಾಕ್ಸ್ ಕಂಪನಿ 125 ಗಂಟೆ ಓಟಕ್ಕೆ ಅಥವಾ ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಲು ಹೇಳುತ್ತದೆ. ರಾಕ್‌ಶಾಕ್ಸ್ 50 ಗಂಟೆಗೇ ಫೋರ್ಕಿನ ಕೆಳಭಾಗ ಬಿಚ್ಚಿ ಎಣ್ಣೆ ಬದಲಿಸಿ ಅನ್ನುತ್ತದೆ. ಹೆಚ್ಚಿನವರು ಒಮ್ಮೆಯೂ ಮಾಡಿಸಿರುವುದಿಲ್ಲ. ಸರ್ವಿಸ್ ಬಿಲ್ ತೋರಿಸುವ ಮಾಲೀಕರು ಸಿಕ್ಕರೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಚೈನು, ಕ್ಯಾಸೆಟ್ಟು (ಹಿಂದಿನ ಚಕ್ರದ ಹಲ್ಲುಗಾಲಿಗಳು), ಬ್ರೇಕು ಎಲ್ಲಾ ಸವೆಯುವ ವಸ್ತುಗಳೇ. 11, 12 ಸ್ಪೀಡ್ ಚೈನು 0.5 ಶೇಕಡ ಉದ್ದವಾಗಿದ್ದರೆ ಬದಲಿಸುವ ಹೊತ್ತು. ಅದನ್ನೂ ಮೀರಿ ಓಡಿಸಿದ್ದರೆ ಕ್ಯಾಸೆಟ್ಟೂ ಹೋಗಿರುತ್ತದೆ, 12 ಸ್ಪೀಡಿನ ಒಳ್ಳೆಯ ಕ್ಯಾಸೆಟ್ ದುಬಾರಿ. ಬ್ರೇಕ್ ಡಿಸ್ಕ್ 1.5 ಎಂಎಂಗಿಂತ ತೆಳ್ಳಗಾಗಿದ್ದರೆ ಹೊಸದು ಹಾಕಿಸಿ. ಎಲ್ಲಾ ಸರಿ ಇದೆ ಅನಿಸಿದರೂ ಸರ್ವಿಸಿಗೆ, ಬೇರಿಂಗಿಗೆ, ಚೈನಿಗೆ ಅಂತ 20ರಿಂದ 25 ಸಾವಿರ ಪಕ್ಕಕ್ಕೆ ಇಟ್ಟುಕೊಂಡೇ ವ್ಯಾಪಾರಕ್ಕೆ ಕೂರಿ. ಬೈಕಿನ ಬೆಲೆಗೇ ಕೈಯಲ್ಲಿರುವ ದುಡ್ಡೆಲ್ಲಾ ಹೋದರೆ ಮೊದಲ ರಿಪೇರಿಗೇ ಬೈಕ್ ಮೂಲೆ ಸೇರುತ್ತದೆ.

ಬಾಟಮ್ ಬ್ರಾಕೆಟ್ ಕೆಳಗೆ ಕೆತ್ತಿರುವ ಸೀರಿಯಲ್ ನಂಬರನ್ನು ಮೂಲ ಬಿಲ್ ಜೊತೆ ಹೋಲಿಸಿ. ಬಿಲ್ ಇಲ್ಲ, ನಂಬರ್ ಉಜ್ಜಿ ಅಳಿಸಿದೆ ಅಂದರೆ ಎಷ್ಟೇ ಅಗ್ಗವಾದರೂ ವಾಪಸ್ ಬನ್ನಿ. ಫ್ರೇಮಿನ ವಾರಂಟಿ ಹೆಚ್ಚಾಗಿ ಮೊದಲ ಮಾಲೀಕರಿಗೆ ಮಾತ್ರ, ಹಾಗಾಗಿ ಅದರ ಆಸೆಗೆ ಹೆಚ್ಚು ದುಡ್ಡು ಕೊಡಬೇಡಿ. ಗೇರ್ ಬದಲಿಸುವ ಹಿಂದಿನ ಡಿರೇಲರ್ ಹಿಡಿದಿರುವ ಹ್ಯಾಂಗರ್ ಅನ್ನುವ ಪುಟ್ಟ ತುಂಡಿದೆಯಲ್ಲ, ಅದರ ಮಾಡೆಲ್ ಕೇಳಿಕೊಳ್ಳಿ. ಬೇರೆ ಬೇರೆ ಕಂಪನಿಗಳ ಬೈಕಿಗೆ ಆಗುವ ಒಂದೇ ಅಳತೆಯ ಹ್ಯಾಂಗರ್ ಬಂದದ್ದು 2019ರಲ್ಲಿ, ನಿಮ್ಮದು ಅದಕ್ಕಿಂತ ಹಳೆಯದು. ಒಂದು ಬಂಡೆಗೆ ತಾಗಿದರೆ ಮುರಿಯುವುದು ಅದೇ. ಬೈಕ್ ಕೊಂಡ ವಾರವೇ ಎರಡು ತರಿಸಿಟ್ಟುಕೊಂಡು, ಒಂದನ್ನು ಸಕಲೇಶಪುರಕ್ಕೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಳ್ಳಿ.

ಮೀಡಿಯಂ ಬೈಕಿನ ರೀಚ್ ಅಳೆದಾಗ 420ಕ್ಕಿಂತ ಕಡಿಮೆ ಬಂದರೆ ಅಥವಾ ಸೀಟ್ ಟ್ಯೂಬ್ 450 ದಾಟಿದರೆ ಅವಸರ ಬೇಡ, ಅದನ್ನೂ ಬಿಡಿ. 2017ರ ನಂತರದ, 120ರಿಂದ 130 ಎಂಎಂ ಟ್ರಾವೆಲ್‌ನ ಬೈಕುಗಳು ಬೆಂಗಳೂರಿನಲ್ಲಿ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ನೀವು ಓಡಿಸುವ ಜಾಗಗಳಿಗೆ ಅದಕ್ಕಿಂತ ಹೆಚ್ಚು ಟ್ರಾವೆಲ್ ಬೇಕಿಲ್ಲ. 150, 160ರ ಬೈಕ್ ಆವಲಹಳ್ಳಿಯ ಏರಿನಲ್ಲಿ ನಿಮ್ಮ ಕಾಲಿಗೆ ಭಾರವಾಗುತ್ತದೆ ಅಷ್ಟೇ.